ಹನ್ನೊಂದು ಫ್ರೇಮು

ಹೆಣ ಉಸಿರಾಡುತ್ತಿತ್ತು.
ಜನವರಿಯ ಚಿಯಾತುರಾ, ರಾತ್ರಿ ಎರಡು ಗಂಟೆ,
ಕಣಿವೆಯ ನಡುಮಧ್ಯ ನಿಂತ ತಂತಿತೊಟ್ಟಿಲು,
ಬೆಂಚಿನ ಮೇಲೆ ಕೊಲೆಯಾಗಿ ಮಲಗಿದ ಲಾಮಾರಾ,
ಅವಳ ಮೂಗಿನಿಂದ ನಿಧಾನ ಹೊರಟ
ಬಿಳಿ ಹಬೆ.

ಸ್ವಲ್ಪ ಬಿಗಿಹಿಡೀರಿ ಎಂದ ನುಗ್ಜಾರ್.
ಐವತ್ತೆಂಟು ವರ್ಷದ ರೂಢಿ ಮಗಾ,
ಇವತ್ತೊಂದಿನ ಬಿಡು ಅಂದರೆ ಹೇಗೆ
ಅಂದಿತು ಹೆಣ, ಕಣ್ಣು ತೆರೆಯದೆ.

ಆ ತೊಟ್ಟಿಲು ಓಡಿಸುವವಳೇ ಅವಳು.
ಅನುಮತಿ ಕೇಳಲು ಹೋದರೆ ಕೀಲಿಗೊಂಚಲು ಕುಲುಕಿ
ನನಗೂ ಒಂದು ಪಾತ್ರ ಅಂದಿದ್ದಳು.
ಮಿಕ್ಕಿದ್ದು ಹೆಣದ್ದೊಂದೇ.
ತಲೆಗೆ ಬಣ್ಣ ಹಾಕಿಸಿ ಬಂದಳು,
ತಂಗಿಯ ಹಸಿರು ಕೋಟು, ಲಿಪ್‌ಸ್ಟಿಕ್ಕು.
ಹೆಣಕ್ಕೆ ಶೃಂಗಾರ ಅಂತ ನಾವು ಮುಸಿಮುಸಿ ನಕ್ಕೆವು.

ರಕ್ತ, ನುಗ್ಜಾರನ ಅಜ್ಜಿ ಕುದಿಸಿಟ್ಟ
ಕೆಂಪು ಪ್ಲಮ್ಮಿನ ಗೊಜ್ಜು.
ಒರೆಸಿದ್ದು ಸಾಲದೆ, ಬೆಳಗಿನ ಪಾಳಿಯ ಗಣಿಯಾಳುಗಳು
ಬೆಂಚಿನಲ್ಲಿ ಬೆಳ್ಳುಳ್ಳಿ ಮೂಸಿ
ಹಸಿದುಕೊಂಡೇ ಮೇಲೇರಿದರಂತೆ.

ಕತ್ತರಿ ನನ್ನ ಕೈಯಲ್ಲಿ.
ತಿಬಿಲಿಸಿಯ ಹಾಸ್ಟೆಲು, ಒಂದು ಕಂಪ್ಯೂಟರು, ನಾಲ್ಕು ಜನ,
ಯಾವಾಗೆಂದರೆ ಆವಾಗ ಹೋಗುವ ಕರೆಂಟು.
ಹಬೆ ಮೂಡಿ ಕರಗಲು ಹನ್ನೊಂದು ಫ್ರೇಮು.
ನಾಲ್ಕು ಉಸಿರು. ನಾಲ್ಕನ್ನೂ ಕತ್ತರಿಸಿದೆ.
ಈಗ ಸತ್ತಳು ನೋಡು ಎಂದು
ನುಗ್ಜಾರ್ ನನ್ನ ಬೆನ್ನು ತಟ್ಟಿದ.
ಹೆಮ್ಮೆಯಾಯಿತು. ಸುಳ್ಳೇಕೆ.

ಮೂರು ಚಿತ್ರೋತ್ಸವಗಳು ಕ್ಷಮಿಸಿ ಎಂದವು.
ನಾಲ್ಕನೆಯದು ಅದನ್ನೂ ಅನ್ನಲಿಲ್ಲ.
ಇನ್ನೂರು ಡಿಸ್ಕು ಸುಟ್ಟು ಚೀಲಕ್ಕೆ ತುಂಬಿ
ಸಂತೆಯಲ್ಲಿ ಕೂತೆವು, ಬೀಜ ಮಾರುವವಳ ಪಕ್ಕ.
ಮೊದಲು ಡಿಸ್ಕು ಕೊಂಡವರಿಗೆ
ಸೂರ್ಯಕಾಂತಿ ಬೀಜ ಕೊಸರು.
ಮಧ್ಯಾಹ್ನದ ಹೊತ್ತಿಗೆ
ಬೀಜ ಕೊಂಡವರಿಗೆ ಡಿಸ್ಕು ಕೊಸರು.

ಉಳಿದದ್ದನ್ನೆಲ್ಲ ಓತಿಯಾ ಒಯ್ದ,
ಊರಿಂದೂರಿಗೆ ಮಿನಿಬಸ್ಸು ಹೊಡೆಯುವವ.
ಡ್ರೈವರನ ತಲೆಮೇಲಿನ ಪುಟ್ಟ ಟೀವಿಯಲ್ಲಿ
ದಿನಕ್ಕೆರಡು ಸಲ ಲಾಮಾರಾ ಸತ್ತಳು.
ಎಂಬತ್ತೊಂದನೇ ನಿಮಿಷಕ್ಕೆ ಚಿತ್ರ ಗಕ್ಕನೆ ನಿಲ್ಲುತ್ತಿತ್ತು.
ನಾವು ಅಗ್ಗದ ಡಿಸ್ಕು ಕೊಂಡಿದ್ದೆವು.
ಕೊಲೆಗಾರ ಬಾಗಿಲು ನೂಕುತ್ತಾನೆ, ಕೈ ಮಾತ್ರ ಕಾಣುತ್ತದೆ,
ಅಲ್ಲಿಗೆ ಮುಗಿಯಿತು.
ಸಾಮಾನು ಇಳಿಸುತ್ತ ಜನ ತೀರ್ಪು ಕೊಡುತ್ತಿದ್ದರಂತೆ:
ಗಂಡನೇ, ಅನುಮಾನವಿಲ್ಲ.
ಅಲ್ಲ, ಆ ಡಾಕ್ಟರು, ಅವನ ಬೂಟು ನೋಡಿದಿರಾ?
ಕೋಳಿ ಬುಟ್ಟಿಯ ಮುದುಕನೊಬ್ಬ ಮಾತ್ರ
ಕೊಂದದ್ದು ವಿದ್ಯುತ್ ಇಲಾಖೆ ಎಂದನಂತೆ.
ನಾವು ಬರೆದ ಕೊನೆಗಿಂತ
ಮೂರೂ ಚೆನ್ನಾಗಿದ್ದವು.

ನುಗ್ಜಾರ್ ಈಗ ಬತುಮಿಯಲ್ಲಿ ಟೈಲ್ಸು ಮಾರುತ್ತಾನೆ.
ನಾನು ಮದುವೆ ವಿಡಿಯೋ ಕತ್ತರಿಸುತ್ತೇನೆ,
ಅತ್ತೆಯಂದಿರ ಆಕಳಿಕೆ ತೆಗೆಯುವುದರಲ್ಲಿ ಎತ್ತಿದ ಕೈ.

ಹಳೆಯ ತೊಟ್ಟಿಲುಗಳನ್ನು ಕಳಚಿದ ವರ್ಷ
ಲಾಮಾರಾ ಹೋದಳು.
ನಲವತ್ತು ದಿನ ಕಳೆದ ಮೇಲೆ ತಂಗಿಯ ಫೋನು:
ಅಕ್ಕ ಅಲ್ಲಾಡುವಂಥದ್ದು ಏನಾದರೂ ಉಂಟೇ ನಿಮ್ಮ ಹತ್ತಿರ?
ಫೋಟೋ ಇವೆ. ಫೋಟೋ ಬೇಡ.

ಎಪ್ಪತ್ತು ದೃಶ್ಯದ ಚಿತ್ರ ನಮ್ಮದು.
ಒಂದರಲ್ಲೂ ಅವಳು ಅಲ್ಲಾಡುವುದಿಲ್ಲ.
ಅಷ್ಟು ಶ್ರದ್ಧೆಯಿಂದ ಕೊಂದಿದ್ದೆ.

ಅಟ್ಟದ ರಟ್ಟಿನ ಪೆಟ್ಟಿಗೆ, ಬೂಷ್ಟು ಹಿಡಿದ ಟೇಪು,
ಎರವಲು ತಂದ ಕ್ಯಾಮೆರಾ. ಮೂರು ರಾತ್ರಿ.
ಸಿಕ್ಕಿತು. ನಾಲ್ಕೂ ಸಿಕ್ಕಿದವು.
ಒಂದರ ಹಿಂದೊಂದು ಜೋಡಿಸಿದೆ,
ನಲವತ್ತನಾಲ್ಕು ಫ್ರೇಮು,
ಎರಡು ಸೆಕೆಂಡಿಗೂ ಕಡಿಮೆ.

ತಂಗಿ ಬಂದು ಕನ್ನಡಕ ಹಾಕಿಕೊಂಡು ನೋಡಿದಳು.
ಆ ಕೋಟು ನನ್ನದು, ಅಂದಳು,
ಗೊಜ್ಜಿನ ಕಲೆ ಹೋಗಲೇ ಇಲ್ಲ.
ಆಮೇಲೆ, ತುಸು ತಡೆದು:
ಕೊಂದವನು ಯಾರು? ಬಸ್ಸಲ್ಲಿ ನೋಡಿದ್ದೆ,
ಕೊನೆ ಬರಲಿಲ್ಲ.

ಹೇಳಿದೆ.

ಅವನಾ? ಅಷ್ಟೇನಾ? ಎಂದು
ಮುಖ ಸಪ್ಪಗೆ ಮಾಡಿಕೊಂಡು
ಆ ಹಬೆಯದ್ದು
ಇನ್ನೊಂದು ಸಲ ಹಾಕು ಅಂದಳು.